ಮಿಷನ್ನಿನ ತಾಂಡೇಲ

"ಗುರುಗಳೇ, ನಮ್ಮ ಸಂಘಕ್ಕೆ ಕಂಪ್ಯೂಟರ್ ಬೇಕಾಗಿದೆ. ಬಿಡಿಭಾಗ ತಂದು ನಾವೇ ಜೋಡಿಸುವುದು ಸರಿಯೋ, ಅಂಗಡಿಯಿಂದ ಸಿದ್ಧವಾದದ್ದನ್ನು ಕೊಳ್ಳುವುದು ಸರಿಯೋ?" ಎಂದು ಶಿಷ್ಯ ಕೇಳಿದ.

"ನಿನ್ನ ಮನಸ್ಸಿನಲ್ಲಿ ಏನಿದೆ?" ಎಂದರು ಗುರು.

"ಜೋಡಿಸೋಣ ಎಂದಿದೆ. ನನಗೆ ಆ ಕೆಲಸ ಬರುತ್ತದೆ. ಸಂಘದಲ್ಲಿ ಬೇರೆ ಯಾರಿಗೂ ಬರುವುದಿಲ್ಲ."

ಕೊನೆಯ ಮಾತನ್ನು ಅವನು ತುಸು ಹೆಮ್ಮೆಯಿಂದಲೇ ಹೇಳಿದ. ಗುರುವಿನ ಮುಖ ಬಿಗಿಯಾಯಿತು.

"ಕಡಲ ತೀರದ ಒಂದು ಊರು ತನ್ನ ಗಂಡಸರನ್ನು ತಾನೇ ನೀರಿಗೆ ಕೊಟ್ಟಿತು. ಕಡಲನ್ನು ಬೈಯಬೇಡ. ಗಾಳಿಯನ್ನು ಬೈಯಬೇಡ. ತಪ್ಪು ಊರಿನದು. ಕೇಳು" ಎಂದು ಅವರು ಕತೆ ಹೇಳಿದರು.

ಆ ಊರಿನವರೆಲ್ಲ ಮೀನು ಹಿಡಿದು ಬದುಕುವವರು. ಗಂಡಸರು ಬೋಟು ಹತ್ತಿ ದೂರದ ನೀರಿಗೆ ಹೋಗುತ್ತಾರೆ. ಹೋದರೆ ಕೆಲವು ದಿನ ಬರುವುದಿಲ್ಲ. ಆ ನೀರಿನಲ್ಲಿ ಮೊಬೈಲ್ ಕೆಲಸಕ್ಕೆ ಬಾರದು. ದಡದ ಮೇಲೆ ಸಂಘದ ಕೋಣೆ ಇತ್ತು. ಕೋಣೆಯಲ್ಲಿ ಒಂದು ಹಳೆಯ ವೈರ್‌ಲೆಸ್ ಸೆಟ್ಟು ಇತ್ತು. ಗಾಳಿ ಏಳುವ ಸುದ್ದಿ ಸಿಕ್ಕರೆ ಆ ಸೆಟ್ಟಿನ ಮುಂದೆ ಕೂತು ಗಂಟಲು ಹರಿಯುವಂತೆ ಕೂಗಬೇಕು. ಕೂಗಿದ್ದು ಕೆಲವು ಬೋಟಿಗೆ ಕೇಳುತ್ತಿತ್ತು, ಕೆಲವಕ್ಕೆ ಕೇಳುತ್ತಿರಲಿಲ್ಲ. ಯಾವ ಬೋಟು ಎಲ್ಲಿದೆ ಎಂಬುದಂತೂ ದೇವರಿಗೇ ಗೊತ್ತು.

ಕಂಪ್ಯೂಟರ್ ಇಟ್ಟರೆ ಬೋಟುಗಳಿರುವ ಜಾಗ ಪರದೆಯ ಮೇಲೆ ಕಾಣುತ್ತದೆ, ಗಾಳಿಯ ಸುದ್ದಿ ತಾನಾಗಿ ಬರುತ್ತದೆ, ಒಬ್ಬೊಬ್ಬರಿಗೂ ಹೆಸರು ಹಿಡಿದು ದಾರಿ ಹೇಳಬಹುದು ಎಂಬ ಮಾತು ಬಂತು. ಊರು ಸೇರಿತು. ಪೇಟೆಯಿಂದ ಒಬ್ಬ ವ್ಯಾಪಾರಿಯನ್ನು ಕರೆಸಿದರು. ಅವನು ಸಿದ್ಧವಾದ ಮಿಷನ್ ತಂದು ಮೇಜಿನ ಮೇಲಿಟ್ಟ. ಅದರ ಹಿಂದೆ, ಸ್ಕ್ರೂವಿನ ಮೇಲೆ, ಒಂದು ಬಿಳಿ ಚೀಟಿ ಅಂಟಿಸಿತ್ತು.

"ಇದೆಂತದು?" ಎಂದು ಸಂಘದ ಹಿರಿಯ ಕೇಳಿದ. ಅವನು ಕಡಲಿನಲ್ಲೇ ಕೂದಲು ಬೆಳ್ಳಗಾದವನು. ಈಗ ಅವನ ಬೋಟನ್ನು ಮಗ ನಡೆಸುತ್ತಿದ್ದ.

"ಸೀಲು. ಅದು ಹರಿದರೆ ಗ್ಯಾರಂಟಿ ಇಲ್ಲ" ಎಂದ ವ್ಯಾಪಾರಿ.

"ಒಳಗೆ ಕೆಟ್ಟರೆ?"

"ನಾನೇ ಬಂದು ನೋಡುತ್ತೇನೆ."

"ಯಾವಾಗ?"

"ಬಿಡುವು ಮಾಡಿಕೊಂಡು."

"ಗಾಳಿ ನಿಮಗೆ ಬಿಡುವು ಉಂಟಾ ಅಂತ ಕೇಳಿಕೊಂಡು ಬರುತ್ತದಾ ಮಾರಾಯ್ರೆ?"

ಜನ ಗೊಳ್ಳೆಂದು ನಕ್ಕರು. ವ್ಯಾಪಾರಿಯೂ ನಕ್ಕ. ಆದರೆ ಅವನ ಕಿವಿ ಕೆಂಪಾಗಿತ್ತು. "ಹಾಗಾದರೆ ಮೀನಿನ ಬುಟ್ಟಿ ಹೆಣೆದ ಹಾಗೆ ಇದನ್ನೂ ನೀವೇ ಹೆಣೆದುಕೊಳ್ಳಿ" ಎಂದು ಮಿಷನ್ ಎತ್ತಿಕೊಂಡು ಹೊರಟುಹೋದ.

ಆಗ ಒಬ್ಬ ಮೀನುಗಾರ ಎದ್ದು ನಿಂತ. ಅವನು ಒಂದು ಬೋಟಿನ ತಾಂಡೇಲ. ತಾಂಡೇಲ ಎಂದರೆ ಬೋಟನ್ನು ನಡೆಸುವವನು, ಬೋಟಿನಲ್ಲಿರುವ ಎಲ್ಲರ ಜೀವಕ್ಕೆ ಜವಾಬ್ದಾರನಾದವನು. ಈ ತಾಂಡೇಲ ಮಳೆಗಾಲದಲ್ಲಿ ಕಡಲಿಗೆ ಹೋಗುವಂತಿಲ್ಲದಾಗ ಪೇಟೆಗೆ ಹೋಗಿ, ಕಂಪ್ಯೂಟರ್ ರಿಪೇರಿ ಮಾಡುವವರ ಪಕ್ಕದಲ್ಲಿ ಕೂತು, ಕೆಲಸ ನೋಡಿ ಕಲಿತಿದ್ದ.

"ಹೆಣೆಯುವುದೇ ಆದರೆ ನಾನು ಹೆಣೆಯುತ್ತೇನೆ" ಎಂದ.

ಊರಿಗೆ ಖುಷಿಯಾಯಿತು. ಆ ಖುಷಿಯಲ್ಲಿ ತಪ್ಪಿಲ್ಲ. ತನಗೆ ಬೇಕಾದದ್ದನ್ನು ತಾನೇ ಮಾಡಿಕೊಳ್ಳುತ್ತೇನೆ ಎನ್ನುವ ಊರು ತಲೆಯೆತ್ತಿದ ಊರು. ತಪ್ಪು ಆಮೇಲೆ ಬಂತು.

ಅವನು ಪೇಟೆಯಿಂದ ಬಿಡಿಭಾಗ ತಂದ. ಒಂದು ಕಬ್ಬಿಣದ ಪೆಟ್ಟಿಗೆ, ಅದರೊಳಗೆ ಕೂರುವ ಮದರ್‌ಬೋರ್ಡು, ಅದರ ಮೇಲೆ ಕೂರುವ ಪ್ರೊಸೆಸರ್, ಮೆಮೊರಿಯ ಪಟ್ಟಿ, ಫ್ಯಾನು, ವೈರುಗಳು. ಸಂಘದ ಕೋಣೆಯಲ್ಲಿ ಚಾಪೆ ಹಾಸಿ ಕೂತ. ಕೋಣೆ ಕತ್ತಲು. ಹೆಂಡತಿಯನ್ನು ಕರೆದು ಟಾರ್ಚ್ ಹಿಡಿಯಲು ಹೇಳಿದ. ಅವಳು ಇಡೀ ಕೆಲಸಕ್ಕೆ ಟಾರ್ಚ್ ಹಿಡಿದಳು. ಒಂದೊಂದು ಭಾಗ ಒಳಗೆ ಹೋಗುವುದನ್ನು ಅವನಷ್ಟೇ ಹತ್ತಿರದಿಂದ ನೋಡಿದಳು.

"ಈ ಪಟ್ಟಿ ಎಂತದು?" ಎಂದು ಒಮ್ಮೆ ಕೇಳಿದಳು.

"ಅದೆಲ್ಲ ನಿನಗೆ ಎಂತಕ್ಕೆ? ಬೆಳಕು ಅಲ್ಲಾಡಿಸಬೇಡ" ಎಂದ.

ಅವಳು ಬೆಳಕು ಅಲ್ಲಾಡಿಸಲಿಲ್ಲ. ಮತ್ತೆ ಕೇಳಲೂ ಇಲ್ಲ.

ಮಿಷನ್ ನಡೆಯಿತು. ಹಳೆಯ ವೈರ್‌ಲೆಸ್ ಸೆಟ್ಟನ್ನು ಬಿಚ್ಚಿ ಅದರ ತಂತಿಗಳನ್ನೂ ಇದಕ್ಕೇ ಸೇರಿಸಿದ. ಇನ್ನು ಸುದ್ದಿ ಬರುವುದೂ ಇದರಿಂದಲೇ, ಬೋಟಿಗೆ ಮಾತು ಹೋಗುವುದೂ ಇದರಿಂದಲೇ. ಬೋಟುಗಳಲ್ಲಿ ಜಾಗ ತಿಳಿಸುವ ಯಂತ್ರ ಕೂರಿಸಿದರು; ಪರದೆಯ ಮೇಲೆ ಅವು ಸಣ್ಣ ಚುಕ್ಕೆಗಳಾಗಿ ಕಂಡವು. ಹೆಂಗಸರು ತಮ್ಮ ತಮ್ಮ ಗಂಡಂದಿರ ಚುಕ್ಕೆ ಗುರುತಿಸಿ ನಕ್ಕರು. "ನಿನ್ನದು ಅಲ್ಲಾಡುವುದೇ ಇಲ್ಲವಲ್ಲ, ಮನೆಯಲ್ಲಿ ಮಲಗಿದ ಹಾಗೆ ಅಲ್ಲೂ ಮಲಗಿದ್ದಾನೆ" ಎಂದು ಒಬ್ಬಳು ಇನ್ನೊಬ್ಬಳನ್ನು ಕೆಣಕಿದಳು.

ಒಂದು ದಿನ ಕೆಲವರು ತಾಂಡೇಲನ ಹತ್ತಿರ ಬಂದು, "ನಮಗೂ ಇದರ ಒಳಗಿನದ್ದು ಸ್ವಲ್ಪ ಹೇಳಿಕೊಡು" ಎಂದರು.

ಅವನಿಗೆ ಅದು ಹಿತವೆನಿಸಲಿಲ್ಲ. "ಒಳಗಿನದ್ದನ್ನು ಸುಮ್ಮನೆ ಮುಟ್ಟುವ ಹಾಗಿಲ್ಲ. ಮನುಷ್ಯನ ಮೈಯಲ್ಲಿ ಒಂದು ಕರೆಂಟು ಉಂಟು. ನಮಗೆ ಗೊತ್ತಾಗುವುದಿಲ್ಲ. ತಿಳಿಯದವರು ಬೆರಳಿಟ್ಟರೆ ಮಿಷನ್ ಅಲ್ಲೇ ಸುಟ್ಟುಹೋಗುತ್ತದೆ" ಎಂದ.

ಅದು ಸುಳ್ಳಲ್ಲ. ಅರ್ಧ ನಿಜ. ಉಳಿದ ಅರ್ಧವನ್ನು ಅವನು ಹೇಳಲಿಲ್ಲ. ಕೇಳಿದವರು ತಮ್ಮ ಬೆರಳುಗಳನ್ನು ನೋಡಿಕೊಂಡರು. ಹಗ್ಗ ಎಳೆದು, ಬಲೆ ಹೊಲಿದು, ಮೀನು ಸೀಳಿ ಊರನ್ನೇ ಸಾಕಿದ ಬೆರಳುಗಳು. ಅಂದಿನಿಂದ ಅವರಿಗೆ ಆ ಬೆರಳುಗಳ ಮೇಲೆಯೇ ಭಯ ಹುಟ್ಟಿತು.

ಹಿರಿಯ ಆ ಭಯಕ್ಕೆ ಒಂದು ಕಾನೂನು ಮಾಡಿಕೊಟ್ಟ. "ಬೋಟಿಗೆ ಒಬ್ಬನೇ ತಾಂಡೇಲ. ಈ ಮಿಷನ್ನಿಗೂ ಒಬ್ಬನೇ. ಅವನ ಹೊರತು ಯಾರೂ ಇದರ ಮುಚ್ಚಳ ಮುಟ್ಟಕೂಡದು" ಎಂದ. ಎಲ್ಲರೂ ಒಪ್ಪಿದರು. ಒಪ್ಪುವುದು ಸುಲಭ. ಕಲಿಯುವ ಕಷ್ಟ ತಪ್ಪಿತಲ್ಲ.

ಬೋಟಿನಲ್ಲಿ ಆ ಕಾನೂನು ಸರಿ. ಅಲೆ ಏಳುವಾಗ ಆಳಿಗೊಂದು ಕಡೆ ಚುಕ್ಕಾಣಿ ತಿರುಗಿಸಿದರೆ ಬೋಟು ಮಗುಚುತ್ತದೆ. ಆದರೆ ಬೋಟಿನ ತಾಂಡೇಲ ಬೋಟಿನಲ್ಲೇ ಇರುತ್ತಾನೆ. ಅದು ಕೆಟ್ಟಾಗ ಅವನ ಕೈ ಅಲ್ಲೇ ಇರುತ್ತದೆ. ಈ ಮಿಷನ್ ಇರುವುದು ದಡದಲ್ಲಿ, ಅದರ ತಾಂಡೇಲ ಇರುವುದು ನಡುನೀರಿನಲ್ಲಿ. ಅದು ಬೇಕಾಗುವುದೇ ಅವನು ದಡದಲ್ಲಿ ಇಲ್ಲದಾಗ. ಇಷ್ಟು ಸಣ್ಣ ವಿಷಯ ಇಡೀ ಊರಿನಲ್ಲಿ ಒಬ್ಬರ ತಲೆಗೂ ಹೊಳೆಯಲಿಲ್ಲ. ಅವನ ತಲೆಗೂ ಹೊಳೆಯಲಿಲ್ಲ. ಹೊಗಳಿಕೆ ಕೇಳುತ್ತಿರುವವನಿಗೆ ಇಂಥದ್ದು ಹೊಳೆಯುವುದಿಲ್ಲ.

ಜನ ಮಿಷನ್ನಿಗೆ ಕುಂಕುಮ ಇಟ್ಟರು. ಕೋಣೆಗೆ ಬರುವಾಗ ಚಪ್ಪಲಿ ಹೊರಗೆ ಬಿಟ್ಟರು. ಇದನ್ನು ಭಕ್ತಿ ಎಂದರು. ನಾನು ಇದನ್ನು ಭಕ್ತಿ ಎನ್ನುವುದಿಲ್ಲ. ತಮಗೆ ಗೊತ್ತಿಲ್ಲದ್ದಕ್ಕೆ ಕೈಮುಗಿದು, ಗೊತ್ತು ಮಾಡಿಕೊಳ್ಳುವ ಕೆಲಸದಿಂದ ತಪ್ಪಿಸಿಕೊಳ್ಳುವುದು ಭಕ್ತಿಯಲ್ಲ.

ತಾಂಡೇಲ ಕಡಲಿಗೆ ಹೋದಾಗ ಹೆಂಡತಿ ಮಿಷನ್ನಿನ ಮುಂದೆ ಕೂರುತ್ತಿದ್ದಳು. ಅವಳಿಗೆ ಅದನ್ನು ಚಾಲು ಮಾಡಲು ಗೊತ್ತಿತ್ತು, ಪರದೆಯ ಸುದ್ದಿ ಓದಲು ಗೊತ್ತಿತ್ತು, ಮೈಕಿನಲ್ಲಿ ಮಾತಾಡಲು ಗೊತ್ತಿತ್ತು. ಅಷ್ಟಕ್ಕೆ ಅವಳನ್ನು ಬಿಟ್ಟಿದ್ದರು.

ಹೀಗಿರುವಾಗ ಒಂದು ಮಧ್ಯಾಹ್ನ ಪಕ್ಕದ ಬಂದರಿನಿಂದ ಹಿರಿಯನಿಗೆ ಫೋನು ಬಂತು. "ದೊಡ್ಡ ಗಾಳಿ ಬರುತ್ತಾ ಉಂಟು. ವಾಯವ್ಯದಿಂದ. ನಮ್ಮ ಬೋಟುಗಳನ್ನು ಕರೆಸಿಕೊಂಡೆವು. ನಿಮ್ಮವರಿಗೆ ಹೇಳಿದಿರಾ?"

ಹಿರಿಯ ಸಂಘದ ಕೋಣೆಗೆ ಓಡಿದ. ಬೋಟುಗಳೆಲ್ಲ ಹೊರಗಿದ್ದವು. ಅವನ ಮಗನ ಬೋಟು ಎಲ್ಲಕ್ಕಿಂತ ದೂರದಲ್ಲಿತ್ತು. ಬಾಗಿಲಲ್ಲಿ ತಾಂಡೇಲನ ಹೆಂಡತಿ ನಿಂತಿದ್ದಳು. 

"ಅಜ್ಜಾ, ಇದು ಏಳುತ್ತಿಲ್ಲ" ಎಂದಳು.

ಕರೆಂಟು ಒಂದು ಗಳಿಗೆ ಹೋಗಿ ಬಂದಿತ್ತು. ಅವಳು ಮತ್ತೆ ಚಾಲು ಮಾಡಿದ್ದಳು. ಪರದೆ ಕಪ್ಪಾಗಿಯೇ ಉಳಿದಿತ್ತು. ಪೆಟ್ಟಿಗೆಯೊಳಗಿಂದ ಒಂದು ಸದ್ದು ಬರುತ್ತಿತ್ತು. ಉದ್ದಕ್ಕೆ ಕೂಗಿ ನಿಲ್ಲುವುದು, ಮತ್ತೆ ಕೂಗುವುದು. ಆರಿಸಿ ಹಚ್ಚಿದರೂ ಅದೇ ಕೂಗು.

ಸುದ್ದಿ ಹರಡಿತು. ಹೆಂಗಸರು ಬಂದರು, ಮುದುಕರು ಬಂದರು. ಪಕ್ಕದ ಬಂದರಿನ ವೈರ್‌ಲೆಸ್ ಈ ಊರಿನ ಬೋಟುಗಳಿರುವ ನೀರಿಗೆ ಮುಟ್ಟದು. ದಡದಲ್ಲಿ ಉಳಿದಿದ್ದದ್ದು ಸಣ್ಣ ದೋಣಿಗಳು; ಅವು ಬೋಟುಗಳನ್ನು ಮುಟ್ಟುವ ಮೊದಲೇ ಗಾಳಿ ಅಲ್ಲಿಗೆ ಮುಟ್ಟಿರುತ್ತದೆ. ಕಡಲು ಆಗ ಇನ್ನೂ ಸುಮ್ಮನಿತ್ತು. ಗಾಳಿ ಸ್ವಲ್ಪವೂ ಇರಲಿಲ್ಲ. ತೆಂಗಿನ ಗರಿಯೂ ಅಲ್ಲಾಡುತ್ತಿರಲಿಲ್ಲ. ಅದನ್ನು ನೋಡಿಯೇ ಮುದುಕರಿಗೆ ಹೆಚ್ಚು ಹೆದರಿಕೆಯಾಯಿತು.

ಬೇರೆ ದಾರಿ ಕಾಣದೆ ಹಿರಿಯ ವ್ಯಾಪಾರಿಗೆ ಫೋನು ಮಾಡಿದ.

"ಅವತ್ತು ನಕ್ಕಿರಲ್ಲ ಮಾರಾಯ್ರೆ, ಈಗ ಸ್ವಲ್ಪ ನಗಿ ನೋಡುವ" ಎಂದ ವ್ಯಾಪಾರಿ. ಆಮೇಲೆ ಹಿರಿಯನ ಉಸಿರು ಕೇಳಿ ಅವನ ದನಿ ಬದಲಾಯಿತು. "ಎಂತ ಆಯ್ತು ಹೇಳಿ. ಆ ಸದ್ದು ಕೇಳಿಸಿ."

ಫೋನನ್ನು ಪೆಟ್ಟಿಗೆಯ ಹತ್ತಿರ ಹಿಡಿದರು. ಅದು ಕೂಗಿತು.

"ಮೆಮೊರಿ" ಎಂದ ವ್ಯಾಪಾರಿ. "ಉಪ್ಪಿನ ಗಾಳಿಗೆ ಅದರ ತುದಿ ಕಪ್ಪು ಹಿಡಿದಿರುತ್ತದೆ. ಮುಚ್ಚಳ ತೆಗೆಯಿರಿ. ಒಂದು ಪಟ್ಟಿ ಉಂಟು, ಅದನ್ನು ಎಳೆದು, ತುದಿಯನ್ನು ಮಕ್ಕಳು ಬರೆದದ್ದು ಅಳಿಸುವ ರಬ್ಬರಿನಿಂದ ಉಜ್ಜಿ, ವಾಪಸ್ ಒತ್ತಿ. ಅಷ್ಟೇ ಕೆಲಸ. ನಾನು ಹೊರಟು ಬರುವಷ್ಟರಲ್ಲಿ ಹೊತ್ತು ಮೀರುತ್ತದೆ. ನೀವೇ ಮಾಡಿ. ನಾನು ಫೋನಿನಲ್ಲಿ ಇರುತ್ತೇನೆ."

ಕೋಣೆಯಲ್ಲಿ ಯಾರೂ ಅಲ್ಲಾಡಲಿಲ್ಲ.

"ಅವನಿಲ್ಲದೆ ತೆರೆಯುವುದಾ?" ಎಂದ ಹಿರಿಯ. "ಮೈಯ ಕರೆಂಟಿಗೆ ಸುಟ್ಟರೆ? ಈಗ ಏಳುತ್ತಿಲ್ಲ ಅಷ್ಟೇ. ಸುಟ್ಟರೆ ಎಂದೆಂದಿಗೂ ಏಳುವುದಿಲ್ಲ. ಅವನು ಬಂದು ಕೇಳಿದರೆ ನಾನು ಎಂತ ಹೇಳಲಿ?"

"ಅವನು ಬರಬೇಕಾದರೆ ಇದು ಏಳಬೇಕಲ್ಲ ಅಜ್ಜಾ!" ಎಂದಳು ತಾಂಡೇಲನ ಹೆಂಡತಿ.

"ಹಾಗಾದರೆ ನೀನೇ ಮುಟ್ಟು ನೋಡುವ" ಎಂದು ಹಿಂದಿನಿಂದ ಒಂದು ದನಿ ಬಂತು.

ಅವಳು ಸುಮ್ಮನಾದಳು.

ಆ ಮೌನವನ್ನು ಸರಿಯಾಗಿ ತಿಳಿದುಕೋ. ಅವಳಿಗೆ ಗಂಡ ಬೇಕಿತ್ತು. ಅಲ್ಲಿದ್ದ ಪ್ರತಿ ಹೆಂಗಸಿಗೂ ತನ್ನವನು ಬೇಕಿತ್ತು. ಆದರೂ ಒಬ್ಬಳ ಕೈಯೂ ಮೇಲೇಳಲಿಲ್ಲ. ಯಾಕೆಂದರೆ ಎಲ್ಲರ ಎದೆಯಲ್ಲೂ ಒಂದೇ ಮಾತು ಓಡುತ್ತಿತ್ತು. ಮುಟ್ಟದೆ ಬಿಟ್ಟು ಅವರು ಸತ್ತರೆ ಅದು ಹಣೆಬರಹ. ಮುಟ್ಟಿ ಕೆಡಿಸಿದ ಮೇಲೆ ಸತ್ತರೆ ಅದು ನನ್ನ ಕೈ. ಹಣೆಬರಹವನ್ನು ಹೊತ್ತು ಬದುಕಬಹುದು. ಆ ಇನ್ನೊಂದನ್ನು ಹೊತ್ತು ಈ ಊರಿನಲ್ಲಿ ಬದುಕುವುದು ಹೇಗೆ? ನಾಳೆ ನೀರು ಸೇದಲು ಹೋದರೆ ಬಾವಿಕಟ್ಟೆಯಲ್ಲಿ ಯಾರು ಪಕ್ಕದಲ್ಲಿ ನಿಲ್ಲುತ್ತಾರೆ?

ಹೀಗೆ ಲೆಕ್ಕ ಹಾಕುತ್ತ ಇಡೀ ಊರು ಗೋಡೆಗೆ ಒರಗಿ ನಿಂತಿತು. ಒಬ್ಬರು ಮಿಷನ್ನಿನ ಮುಂದೆ ದೀಪ ಹಚ್ಚಿದರು. ಒಬ್ಬರು ತೆಂಗಿನಕಾಯಿ ಒಡೆದರು. ಒಬ್ಬಳು ಮಿಷನ್ನಿಗೆ ಹರಕೆ ಹೊತ್ತಳು. ಪೆಟ್ಟಿಗೆ ಕೂಗುತ್ತಲೇ ಇತ್ತು. ಫೋನಿನಲ್ಲಿ ವ್ಯಾಪಾರಿ, "ತೆರೆದಿರಾ? ಹಲೋ? ತೆರೆದಿರಾ?" ಎಂದು ಕೇಳುತ್ತಲೇ ಇದ್ದ. ತೆರೆಯಬೇಕೆ ಬೇಡವೆ ಎಂದು ಮುದುಕರು ಮಾತಾಡಿದರು. ಮಾತು ಮುಗಿಯಲಿಲ್ಲ. ಯಾರಿಗೂ ಅದು ಮುಗಿಯುವುದು ಬೇಕಿರಲಿಲ್ಲ. ಮುಗಿದರೆ ಒಬ್ಬರು ಕೈ ಹಾಕಬೇಕಾಗುತ್ತಿತ್ತು.

ಆಗ ತೆಂಗಿನ ಗರಿ ಅಲ್ಲಾಡಿತು.

ಮೊದಲು ಒಂದೇ ಒಂದು ಮರದ್ದು. ಆಮೇಲೆ ಎಲ್ಲ ಮರಗಳದ್ದು. ಒಣಗಲು ಹಾಕಿದ್ದ ಬಲೆ ಹಾರಿ ಬಂದು ಕೋಣೆಯ ಬಾಗಿಲಿಗೆ ಬಡಿಯಿತು. ಹಚ್ಚಿದ ದೀಪ ಆರಿತು. ಒಂದು ಮಗು ಅಳಲು ಶುರು ಮಾಡಿತು. ಅದನ್ನು ಸುಮ್ಮನಿರಿಸುವ ಶಕ್ತಿ ಅದರ ತಾಯಿಗೂ ಇರಲಿಲ್ಲ.

ತಾಂಡೇಲನ ಹೆಂಡತಿ ಗೋಡೆ ಬಿಟ್ಟು ಮುಂದೆ ಬಂದಳು. ಧೈರ್ಯ ಬಂದು ಅವಳು ಮುಂದೆ ಹೋದಳು ಎಂದು ತಿಳಿಯಬೇಡ. ಧೈರ್ಯ ಬರಲಿಲ್ಲ. ಹೆದರಿಕೆ ಎಷ್ಟು ಹೆಚ್ಚಿತೆಂದರೆ, ಊರಿನ ಬಾಯಿಯ ಹೆದರಿಕೆ ಅದರ ಮುಂದೆ ಸಣ್ಣದಾಯಿತು. ಬೋಟಿನ ಇಂಜಿನ್ನಿಗೆಂದು ಮೂಲೆಯಲ್ಲಿಟ್ಟಿದ್ದ ಸಾಮಾನಿನಿಂದ ಒಂದು ಸ್ಕ್ರೂಡ್ರೈವರ್ ಎತ್ತಿಕೊಂಡಳು.

"ತಂಗೀ, ಬೇಡ!" ಎಂದು ಹಿರಿಯ ಅಡ್ಡ ನಿಂತ.

"ಬದಿಗೆ ಸರಿ ಅಜ್ಜಾ."

"ನನ್ನ ಮಗ ಅಲ್ಲಿದ್ದಾನೆ!"

"ಅದಕ್ಕೇ ಸರಿ ಅಂತ ಹೇಳುವುದು!"

ಅವನು ಸರಿದ. ಅವಳು ಫೋನನ್ನು ಪಕ್ಕದಲ್ಲಿಟ್ಟುಕೊಂಡು ಕೂತಳು. "ನಾನು ತೆರೆಯುತ್ತೇನೆ. ಹೇಳಿ. ಆದರೆ ನನ್ನ ಮೈಯಲ್ಲಿ ಕರೆಂಟು ಉಂಟಂತೆ. ಅದಕ್ಕೆ ಎಂತ ಮಾಡಲಿ?" ಎಂದಳು. 

"ಪ್ಲಗ್ಗು ಕೀಳಿ. ಆ ಪೆಟ್ಟಿಗೆಯ ಕಬ್ಬಿಣವನ್ನು ಬರಿಗೈಯಲ್ಲಿ ಒಮ್ಮೆ ಮುಟ್ಟಿ" ಎಂದ ವ್ಯಾಪಾರಿ.

"ಮುಟ್ಟಿದೆ."

"ಆಯ್ತು. ಇಳಿಯಿತು."

"ಎಂತ ಇಳಿಯಿತು?"

"ಕರೆಂಟು. ನಡುವೆ ನಡುವೆ ಹಾಗೇ ಮುಟ್ಟುತ್ತಾ ಇರಿ. ಅಷ್ಟೇ."

ಅಷ್ಟೇ. ಗಂಡ ಹೇಳದೆ ಉಳಿಸಿದ ಅರ್ಧ ಇದು. ಒಂದು ಉಸಿರಿನಲ್ಲಿ ಹೇಳಬಹುದಾದ ಮಾತು. ಇದನ್ನು ಹೇಳಿದ್ದರೆ ಊರಿನ ಬೆರಳುಗಳಿಗೆ ಭಯ ಇರುತ್ತಿರಲಿಲ್ಲ. ಭಯ ಇಲ್ಲದಿದ್ದರೆ ತಾಂಡೇಲನ ಬೆಲೆ ಸ್ವಲ್ಪ ಇಳಿಯುತ್ತಿತ್ತು. ಅದಕ್ಕಾಗಿ ಅವನು ಹೇಳಲಿಲ್ಲ. ಅವನು ಕೆಟ್ಟವನಲ್ಲ. ಬೇಕಾದವನಾಗಿ ಉಳಿಯುವ ಆಸೆ ಒಳ್ಳೆಯವರಿಗೂ ಇರುತ್ತದೆ.

ಅವಳು ಸ್ಕ್ರೂ ತಿರುಗಿಸಿದಳು. ಮುಚ್ಚಳ ತೆಗೆದಳು. ಒಳಗೆ ಏನೋ ಇದೆ ಎಂದು ಎಲ್ಲರೂ ಉಸಿರು ಹಿಡಿದು ಬಗ್ಗಿದರು. ಒಳಗೆ ಧೂಳಿತ್ತು. ಒಂದು ಸತ್ತ ಜಿರಲೆ ಇತ್ತು. ಅವಳು ಟಾರ್ಚ್ ಹಿಡಿದಾಗ ನೋಡಿದ ಅದೇ ಬೋರ್ಡು, ಅದೇ ಪಟ್ಟಿ.

"ಇಷ್ಟೇನಾ?" ಎಂದಳು.



"ಪಟ್ಟಿಯ ಎರಡು ಕೊನೆಗೂ ಸಣ್ಣ ಕೊಂಡಿ ಉಂಟು. ಹೊರಕ್ಕೆ ಒತ್ತಿ. ಅದೇ ಮೇಲೆ ಬರುತ್ತದೆ" ಎಂದ ವ್ಯಾಪಾರಿ. ಅದು ಮೇಲೆ ಬಂತು. ಯಾರದೋ ಮಗುವಿನ ಶಾಲೆಯ ಚೀಲದಿಂದ ರಬ್ಬರು ತಂದರು. ಅವಳು ತುದಿಯನ್ನು ಉಜ್ಜಿದಳು. ಕಪ್ಪು ಹೋಗಿ ಹಳದಿ ಹೊಳಪು ಕಂಡಿತು. ರಬ್ಬರಿನ ಪುಡಿ ಊದಿ ಪಟ್ಟಿಯನ್ನು ಮತ್ತೆ ಕೂರಿಸಿ ಒತ್ತಿದಳು. ಕೊಂಡಿ ಟಕ್ ಎಂದಿತು.

"ನಿಮ್ಮ ಮಿಷನ್ನಿಗೆ ಸೀಲು ಹಾಕುತ್ತೀರಿ. ನಮಗೆ ಮಾತ್ರ ತೆರೆಯಲು ಹೇಳಿಕೊಡುತ್ತೀರಿ" ಎಂದಳು, ಪ್ಲಗ್ಗು ಸಿಕ್ಕಿಸುತ್ತ.

"ಸೀಲು ನನ್ನ ಹೊಟ್ಟೆಪಾಡು ತಂಗೀ. ಈಗ ಅದೆಲ್ಲ ಬೇಡ, ಚಾಲು ಮಾಡಿ."

ಚಾಲು ಮಾಡಿದಳು. ಪೆಟ್ಟಿಗೆ ಒಮ್ಮೆ ಚಿಕ್ಕದಾಗಿ ಸದ್ದು ಮಾಡಿ ಸುಮ್ಮನಾಯಿತು. ಪರದೆಗೆ ಬೆಳಕು ಬಂತು. ಸ್ವಲ್ಪ ಹೊತ್ತಿನಲ್ಲಿ ಚುಕ್ಕೆಗಳು ಬಂದವು.

ಅವಳು ಮೈಕು ಹಿಡಿದು ಕೂಗಿದಳು. ಗಾಳಿಯ ದಿಕ್ಕು ಹೇಳಿದಳು. ಹೊಳೆ ಕಡಲು ಸೇರುವ ತೆಂಕಲ ಅಳಿವೆಯೊಳಗೆ ಹೊಕ್ಕು ನಿಲ್ಲಿ ಎಂದು ಒಂದೊಂದು ಬೋಟಿಗೂ ಹೆಸರು ಹಿಡಿದು ಹೇಳಿದಳು. ಒಂದೊಂದೇ ಬೋಟು ಓಗೊಟ್ಟಿತು. ಕೋಣೆಯಲ್ಲಿ ಒಬ್ಬೊಬ್ಬಳೇ ಹೆಂಗಸು ನೆಲಕ್ಕೆ ಕುಸಿದು ಅತ್ತಳು. ತಾಂಡೇಲನ ದನಿಯೂ ಬಂತು. ಬಂದ ಮೊದಲ ಮಾತು ಇದು:

"ಇಷ್ಟು ಹೊತ್ತು ದನಿ ಇರಲಿಲ್ಲ. ಮಿಷನ್ ಮುಟ್ಟಿದ್ದು ಯಾರು?"

ತಲೆಯ ಮೇಲೆ ಗಾಳಿ ಬಂದು ನಿಂತಿದ್ದಾಗ ಅವನು ಕೇಳಿದ್ದು ಅದನ್ನು.

"ನಾನು" ಎಂದಳು ಅವಳು. "ತೆಂಕಕ್ಕೆ ತಿರುಗಿಸು. ಮನೆಗೆ ಬಾ. ಆಮೇಲೆ ಬೈ."

ಹಿರಿಯನ ಮಗನ ಬೋಟು ಓಗೊಡಲಿಲ್ಲ. ಅದರ ಚುಕ್ಕೆ ಪರದೆಯ ಮೇಲೆ ಎಲ್ಲಕ್ಕಿಂತ ದೂರದಲ್ಲಿತ್ತು. ಅವಳು ಕರೆದಳು. ಮತ್ತೆ ಕರೆದಳು. ಹಿರಿಯ ಮೈಕು ಕಸಿದುಕೊಂಡು ಮಗನ ಹೆಸರು ಕೂಗಿದ. ಚುಕ್ಕೆ ಸ್ವಲ್ಪ ಹೊತ್ತು ಇತ್ತು. ಆಮೇಲೆ ಇರಲಿಲ್ಲ.

ಉಳಿದ ಬೋಟುಗಳು ಬಂದವು. ಆ ಬೋಟು ಬರಲಿಲ್ಲ. ಅದರ ಹಲಗೆಗಳು ಬಂದವು.

ಊರು ಮತ್ತೆ ಸಂಘದ ಕೋಣೆಯಲ್ಲಿ ಸೇರಿತು. ಎಲ್ಲರೂ ಕಡಲನ್ನು ಬೈದರು. ಗಾಳಿಯನ್ನು ಬೈದರು. ಒಬ್ಬ ಉಪ್ಪನ್ನು ಬೈದ. ಮಿಷನ್ ಕಟ್ಟಿದ ತಾಂಡೇಲ ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದ. ಆಗ ಹಿರಿಯನ ಸೊಸೆ ಒಳಗೆ ಬಂದಳು. ನೀರಿಗೆ ಹೋದವನ ಹೆಂಡತಿ ಅವಳು. ಅವಳು ಅಳುತ್ತಿರಲಿಲ್ಲ. ತಾಂಡೇಲನ ಹೆಂಡತಿಯ ಮುಂದೆ ನಿಂತಳು.

"ಅಕ್ಕಾ, ಒಂದು ಕೇಳುತ್ತೇನೆ. ಮುಚ್ಚಳ ತೆಗೆದು, ಉಜ್ಜಿ, ವಾಪಸ್ ಹಾಕಲು ಎಷ್ಟು ಹೊತ್ತು ಹಿಡಿಯಿತು?"

"ಒಂದು ಲೋಟ ಚಾ ಕುಡಿಯುವಷ್ಟು."

"ಮತ್ತೆ ಉಳಿದ ಹೊತ್ತು ಎಲ್ಲ ಎಂತ ಮಾಡಿದಿರಿ?"

  ಸೊಸೆ ಸುತ್ತ ನೋಡಿದಳು. ಮಾವನನ್ನು ನೋಡಿದಳು, ಮುದುಕರನ್ನು ನೋಡಿದಳು, ದೀಪ ಹಚ್ಚಿದವಳನ್ನು, ಕಾಯಿ ಒಡೆದವನನ್ನು ನೋಡಿದಳು. ಆಮೇಲೆ ಮೂಲೆಯಲ್ಲಿದ್ದ ತಾಂಡೇಲನನ್ನು ನೋಡಿದಳು. ಒಬ್ಬೊಬ್ಬರ ಕಣ್ಣೂ ನೆಲಕ್ಕಿಳಿಯಿತು. ಆ ಊರಿನಲ್ಲಿ ಇಂದಿಗೂ ಅವಳಿಗೆ ಯಾರೂ ಉತ್ತರ ಕೊಟ್ಟಿಲ್ಲ.

ಗುರು ಕತೆ ನಿಲ್ಲಿಸಿದರು.

  ಶಿಷ್ಯ ಮೆಲ್ಲಗೆ, "ಹಾಗಾದರೆ ಅವರು ವ್ಯಾಪಾರಿಯ ಮಿಷನ್ನನ್ನೇ ಕೊಳ್ಳಬೇಕಿತ್ತು, ಅಲ್ಲವೇ?" ಎಂದ.

"ಅದರ ತುದಿಯನ್ನು ಉಪ್ಪು ತಿನ್ನುತ್ತಿರಲಿಲ್ಲವೇ?" ಎಂದರು ಗುರು. "ಆಗ ಬಿಳಿ ಚೀಟಿಗೆ ಹೆದರಿ ನಿಲ್ಲುತ್ತಿದ್ದರು. ಈಗ ತಮ್ಮವನೇ ಹೇಳಿದ ಮಾತಿಗೆ ಹೆದರಿ ನಿಂತರು. ಸತ್ತವನಿಗೆ ಎರಡಕ್ಕೂ ಏನು ವ್ಯತ್ಯಾಸ?"

"ಆದರೆ ನಾನು ಕೇಳಿದ್ದಕ್ಕೆ ನೀವು ಹೇಳಲಿಲ್ಲ. ಜೋಡಿಸಲೇ, ಕೊಳ್ಳಲೇ?"

ಗುರು ಅವನ ಕಣ್ಣನ್ನೇ ನೋಡಿದರು. ಶಿಷ್ಯನಿಗೆ ತನ್ನ ಸಂಘದ ಜನ ಒಬ್ಬೊಬ್ಬರಾಗಿ ನೆನಪಾದರು. ಇದೆಲ್ಲ ನಮಗೆ ಯಾಕೆ, ನೀನಿದ್ದೀಯಲ್ಲ ಎಂದು ನಕ್ಕವರು. ಆ ಮಾತು ಕೇಳಿ ತನಗಾದ ಸಂತೋಷವೂ ನೆನಪಾಯಿತು. ಅವನು ತಲೆ ತಗ್ಗಿಸಿದ. 

ಗುರು ಹೇಳಿದರು: "ಎರಡರಲ್ಲಿ ಯಾವುದನ್ನಾದರೂ ಮಾಡು, ಆದರೆ ಮೊದಲ ದಿನವೇ ಅದರ ಮುಚ್ಚಳವನ್ನು ನಿಮ್ಮಲ್ಲಿ ಎಲ್ಲರಿಗಿಂತ ಹೆಚ್ಚು ಹೆದರುವವರ ಕೈಯಿಂದ ತೆಗೆಸು."